ಹೆಗಲು ತಿರುಗಿಸುವ ಜಾಗ

ಮಾರ್ಚ್ 3, ಸೋಮವಾರ

ಇವತ್ತು ನಗರಸಭೆಯವರು ಬಂದು ನಮ್ಮ ಮನೆಯ ಮೂಲೆಗೆ ಕೆಂಪು ಬಣ್ಣ ಬಳಿದು ಹೋದರು. ನಾನು ಒಳಗೆ ಲಾಡ್ಜಿನ ಹಾಸುಬಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದೆ. ಹೊರಗೆ ಯಾರೋ "ಟೇಪು ಎಳಿ, ಇನ್ನೂ ಎಳಿ" ಅನ್ನುತ್ತಿದ್ದದ್ದು ಕೇಳಿಸಿತು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊರಗೆ ಹೋಗುವಷ್ಟರಲ್ಲಿ ಬಳಿದಾಗಿತ್ತು. ಗೆರೆ ಕಿಟಕಿಯಿಂದ ಈಚೆಗೆ ಬಂದಿದೆ. ಅಂದರೆ ಕಿಟಕಿ ಹೋಗುತ್ತದೆ. ಕಿಟಕಿಯ ಕೆಳಗೆ ನನ್ನ ಹೆಂಡತಿಯ ಕುರ್ಚಿ ಇದೆ.

ಅವಳು ಹೋದದ್ದು ಜನವರಿಯಲ್ಲಿ. ಮೊದಲೆಲ್ಲ ಸಂಜೆ ಇದ್ದಿಲು ಆರಿಸಿ ಕೂತ ಮೇಲೆ "ಇವತ್ತೇನು ಸಮಾಚಾರ?" ಅನ್ನುತ್ತಿದ್ದಳು. ಅಂಗಡಿ ಬಿಟ್ಟು ಹೊರಗೆ ಹೋಗದವನ ಹತ್ತಿರ ಎಂಥ ಸಮಾಚಾರ? ಆದರೂ ಹೇಳುತ್ತಿದ್ದೆ. ಈಗ ಕೇಳುವವರಿಲ್ಲ. ಗಿರಾಕಿಯೊಬ್ಬರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅದರಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಓಣಿ ಮೊದಲೇ ಇಕ್ಕಟ್ಟು. ನಮ್ಮ ಮನೆ ಇರುವ ತಿರುವಿನಲ್ಲಿ ಇನ್ನೂ ಇಕ್ಕಟ್ಟು. ನಮ್ಮ ಮುಂದಿನ ಕೋಣೆ, ಅಂದರೆ ಅಂಗಡಿ, ಅಲ್ಲಿ ಮೂಗಿನಂತೆ ಮುಂದೆ ಚಾಚಿದೆ. ಕಟ್ಟಿದ್ದು ಯಾರೋ, ಯಾವ ಕಾಲದಲ್ಲೋ. ಹಾದು ಹೋಗುವವರೆಲ್ಲ ಅಲ್ಲಿ ಬಂದಾಗ ಒಂದು ಹೆಗಲು ತಿರುಗಿಸಿ ಓರೆಯಾಗಿ ದಾಟಬೇಕು. ಅವಳು ಕಿಟಕಿಯಲ್ಲಿ ಕೂತು, ಗಿರಾಕಿಗಳ ಅಂಗಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತ ಅದನ್ನು ನೋಡಿ ನಗುತ್ತಿದ್ದಳು. "ನೋಡ್ರೀ, ಎಂಥ ದೊಡ್ಡ ಮನುಷ್ಯ ಬಂದ್ರೂ ನಮ್ಮನೆಗೆ ಹೆಗಲು ತಿರುಗಿಸಿ ಮರ್ಯಾದೆ ಕೊಟ್ಟೇ ಹೋಗ್ಬೇಕು!"

ಕೆಂಪು ಬಣ್ಣ ಕಿಟಕಿಯ ಸರಳಿಗೂ ತಾಗಿದೆ. ಸೀಮೆಎಣ್ಣೆ ಹಾಕಿ ಒರೆಸಿದೆ. ಹೋಗಲಿಲ್ಲ.

ಮಾರ್ಚ್ 5, ಬುಧವಾರ

ಓವರ್‌ಸಿಯರ್ ಬಂದಿದ್ದರು. ಸಣ್ಣ ವಯಸ್ಸು, ಶರ್ಟಿನ ಕಾಲರು ಸುಕ್ಕು. ಓಣಿ ನವೀಕರಣದ ಪಟ್ಟಿಯಲ್ಲಿ ನಮ್ಮ ಓಣಿಯೂ ಬಂದಿದೆಯಂತೆ. ಹೊಸ ಚರಂಡಿ, ಬೀದಿದೀಪ, ಕಲ್ಲುಹಾಸು. ಕಸದ ಗಾಡಿ, ಆಂಬುಲೆನ್ಸ್ ಎಲ್ಲ ಮನೆ ಬಾಗಿಲಿಗೇ ಬರುತ್ತವಂತೆ.

"ನಿಮ್ಮದೊಂದು ಮೂಲೆ ಬಿಟ್ರೆ ಮಿಕ್ಕಿದ್ದೆಲ್ಲ ಸರಿ ಇದೆ ಅಣ್ಣ. ಪರಿಹಾರ ಕೊಡ್ತೀವಿ. ಒಪ್ಪಿಗೆಗೆ ಒಂದು ಸಹಿ ಹಾಕಿಬಿಡಿ."

"ಆಂಬುಲೆನ್ಸ್ ಬಾಗಿಲಿಗೆ ಬರತ್ತಾ?" ಎಂದೆ.

"ಬರತ್ತೆ. ಖಂಡಿತ ಬರತ್ತೆ."

"ಜನವರಿಯಲ್ಲಿ ಎಲ್ಲಿತ್ತು ಅದು?"

ಅವರಿಗೆ ಗೊತ್ತಾಗಲಿಲ್ಲ. ನಾನೇ ಹೇಳಿದೆ. ನನ್ನ ಹೆಂಡತಿಗೆ ಎದೆನೋವು ಬಂದ ದಿನ ನಿಮ್ಮ ಗಾಡಿ ಬಂದದ್ದು ಎಲ್ಲ ಮುಗಿದ ಮೇಲೆ. ನಾನು ಲಾಡ್ಜಿಗೆ ಬಟ್ಟೆ ಕೊಡಲು ಹೋಗಿದ್ದೆ. ಬಂದು ನೋಡಿದರೆ ಅವಳು ಮಂಚದ ಮೇಲೆ ಇದ್ದ ಹಾಗೇ ಹೋಗಿಬಿಟ್ಟಿದ್ದಳು. ಅಂದು ಬರದ ಗಾಡಿಗೆ ಇಂದು ನನ್ನ ಗೋಡೆ ಕೇಳುತ್ತೀರಾ?

ಓವರ್‌ಸಿಯರ್ ತಲೆ ಕೆರೆದುಕೊಂಡು, "ಆ ಕೇಸಾ? ಅದರಲ್ಲಿ ಗಾಡಿ ಹೊತ್ತಿಗೆ ಸರಿಯಾಗೇ..." ಅನ್ನುತ್ತಿದ್ದರು. ಅಷ್ಟರಲ್ಲಿ ಎದುರು ಮನೆಯ ಟೀಚರಕ್ಕ ಬಾಗಿಲಿಗೆ ಬಂದು, "ಸಾರ್, ಸ್ವಲ್ಪ ಇಲ್ಲಿ ಬನ್ನಿ, ನಮ್ಮ ಚರಂಡಿ ನೋಡಿ" ಎಂದು ಅವರನ್ನು ಕರೆದುಕೊಂಡು ಹೋಗಿಬಿಟ್ಟರು. ತಮ್ಮ ತಪ್ಪು ಮುಚ್ಚಿಕೊಳ್ಳಲು ಇವರು ಏನು ಬೇಕಾದರೂ ಹೇಳುತ್ತಾರೆ.

ಮಾರ್ಚ್ 9, ಭಾನುವಾರ

ಟೀಚರಕ್ಕನ ಮನೆಯಲ್ಲಿ ಓಣಿಯವರೆಲ್ಲ ಸೇರಿದ್ದರು. ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಆಗಲೇ ತಿಳಿಯಿತು, ಏನೋ ಕೇಳುತ್ತಾರೆ ಅಂತ.

ಓಣಿಯ ಕೊನೆಮನೆಯ ಅಡುಗೆ ಮಾಮ ಹೋಟೆಲಿನಲ್ಲಿ ಅಡುಗೆ ಮಾಡಿ ಮಾಡಿ ಕಿವಿ ಮಂದ ಮಾಡಿಕೊಂಡವರು, ಮಾತು ಮಾತ್ರ ಜೋರು. ಅವರೇ ಶುರು ಮಾಡಿದರು. "ಇಸ್ತ್ರಿಯಣ್ಣಾ, ನನ್ನ ಹೊಟ್ಟೆ ನೋಡಪ್ಪ. ನಿನ್ನ ಮೂಲೆಗೆ ಬಂದಾಗ ಉಸಿರು ಒಳಗೆಳ್ಕೊಂಡೇ ದಾಟ್ತೀನಿ. ಇನ್ನೊಂದು ವರ್ಷ ಹೀಗೇ ಬೆಳೆದ್ರೆ ನಾನು ಆಚೆಕಡೆನೇ ಉಳ್ಕೋಬೇಕಾಗತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ದೊಡ್ಡ ರಸ್ತೆಯಲ್ಲಿ ನಗರಸಭೆಯ ಬೋರ್ಡು ನೋಡಿದ್ಯಾ, ಯಾವ ಯಾವ ಓಣಿ ಆಯ್ತು ಅಂತ ಹಾಕಿದ್ದಾರೆ. ಪಕ್ಕದ ಓಣಿಯದು ಮುಂದಿನ ತಿಂಗಳಂತೆ. ನಮ್ಮದು ನಿಂತರೆ ನಿನ್ನಿಂದ ನಿಲ್ಲತ್ತೆ. ನಿನ್ನ ಹೆಂಡ್ತಿ ತಾನೇ ನಗರಸಭೆಗೆ ಹತ್ತು ಸಲ ಅಲೆದು ಓಣಿ ಅಗಲ ಮಾಡಿ ಅಂತ ಕೇಳಿದ್ದು?

ಹೌದು, ಅವಳೇ ಕೇಳಿದ್ದು. ಕಸದ ಬುಟ್ಟಿ ಹೊತ್ತು ದೊಡ್ಡ ರಸ್ತೆಗೆ ಹೋಗಿ ಹೋಗಿ ಅವಳಿಗೆ ಸಾಕಾಗಿತ್ತು.

ನಾನು ಹೇಳಿದೆ: "ಅವಳು ಕೇಳಿದಾಗ ನಗರಸಭೆಯವರು ಕಿವಿಗೆ ಹಾಕ್ಕೊಳ್ಳಲಿಲ್ಲ. ಅವಳು ಸಾಯೋ ಹೊತ್ತಿಗೆ ಗಾಡಿ ಕಳಿಸಲಿಲ್ಲ. ಈಗ ಅವಳು ಕೂರೋ ಜಾಗ ಬೇಕಂತೆ. ನಾನು ಕೊಡಲ್ಲ. ಗಾಡಿ ಹೊತ್ತಿಗೆ ಬಂದಿದ್ದಿದ್ರೆ ಇವತ್ತೇ ಕೊಡ್ತಿದ್ದೆ."

ಎಲ್ಲರೂ ಟೀಚರಕ್ಕನ ಮುಖ ನೋಡಿದರು. ಟೀಚರಕ್ಕ ತಮ್ಮ ಚಹಾದ ಲೋಟದೊಳಗೆ ನೋಡುತ್ತಿದ್ದರು. ಅಡುಗೆ ಮಾಮ ಏನೋ ಹೇಳಲು ಬಾಯಿ ತೆರೆದು, ಅವರ ಮಗಳು ಮೊಣಕೈ ತಿವಿದ ಮೇಲೆ ಮುಚ್ಚಿಕೊಂಡರು.

ನ್ಯಾಯವಾದ ಮಾತಿಗೆ ಎದುರುತ್ತರ ಇರುವುದಿಲ್ಲ.

ಮಾರ್ಚ್ 10, ಸೋಮವಾರ

ಕೆಲಸ ಹೆಚ್ಚು. ಮದುವೆಮನೆಯ ಕೋಟುಗಳು. ಒಂದರಲ್ಲಿ ಗುಂಡಿ ಇರಲಿಲ್ಲ. ಅವಳ ಗುಂಡಿಯ ಡಬ್ಬಿ ತೆಗೆದೆ, ಸರಿಹೊಂದುವುದು ಸಿಕ್ಕಿತು, ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಹಾಗೇ ಕೊಟ್ಟುಬಿಟ್ಟೆ.

ಮಾರ್ಚ್ 16, ಭಾನುವಾರ

ನನ್ನ ಮಗಳು ಈಗ ಕೆಲಸಕ್ಕೆ ಹಿಂದಿನ ಕಾಲುವೆ ದಾರಿಯಿಂದ ಹೋಗುತ್ತಾಳೆ. ಅಲ್ಲಿ ಮೆಟ್ಟಿಲು ಮುರಿದಿದೆ, ಕೆಸರು, ದುರ್ವಾಸನೆ. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಮುಂದಿನಿಂದ ಹೋದರೆ ಹತ್ತಿರ. ಅವಳ ಕೆಸರು ಮೆತ್ತಿದ ಬೂಟುಗಳನ್ನು ನೋಡಿ ಇವತ್ತು ಕೇಳಿದೆ.

"ಆ ಕಡೆ ಯಾರಾದ್ರೂ ಹುಡುಗ ಇದ್ದಾನೇನಮ್ಮ? ಇದ್ರೆ ಹೇಳು, ಅವನಿಗೂ ಒಂದು ಜೊತೆ ಬೂಟು ತರೋಣ."

ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. "ನಂಗೆ ಆ ಮೂಲೆ ದಾಟೋಕೆ ಆಗಲ್ಲಪ್ಪ" ಎಂದಳು.

ನನಗೆ ಅರ್ಥವಾಯಿತು. ಅಲ್ಲಿ ಕಿಟಕಿ, ಕಿಟಕಿಯಲ್ಲಿ ಖಾಲಿ ಕುರ್ಚಿ. "ನಂಗೂ ಹಾಗೇ ಆಗತ್ತೆ. ಅದಕ್ಕೇ ಅದನ್ನ ಉಳಿಸ್ಕೋಬೇಕು ಅನ್ನೋದು" ಎಂದೆ.

"ಕೊಟ್ಟುಬಿಡಪ್ಪ."

"ಏನು?"

"ಆ ಮೂಲೆ. ಕೊಟ್ಟುಬಿಡು. ಒಡೆದು ಹಾಕ್ಲಿ." ಅವಳ ದನಿ ಏರಿತು. "ಅಮ್ಮ ಇದ್ದಿದ್ರೆ ಮೊದಲನೇ ಸಹಿ ಅವಳೇ ಹಾಕ್ತಿದ್ಲು. ನೀನು ಯಾಕೆ ಹಿಂಗೆ ಹಟ ಹಿಡೀತೀಯ?"

"ಅಮ್ಮ ಇಲ್ವಲ್ಲ. ಯಾಕಿಲ್ಲ ಅಂತ ನಿಂಗೂ ಗೊತ್ತು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ಹೆತ್ತ ಮಗಳೂ ನನ್ನ ಪರವಾಗಿ ಇಲ್ಲ.

ಮಾರ್ಚ್ 22, ಶನಿವಾರ

ಅಂಗಡಿ ಬೇಗ ಮುಚ್ಚಿ, ಸುಣ್ಣ ಕಲಸಿ, ಆ ಕೆಂಪು ಗೆರೆಯ ಮೇಲೆ ಬಳಿದೆ. ಬಳಿಯುವಾಗ ನೋಡಿದೆ, ಮೂಲೆಯಲ್ಲಿ ಸೊಂಟದ ಎತ್ತರಕ್ಕೆ ಗಾರೆ ಕಿತ್ತುಹೋಗಿದೆ. ಒಂದು ಕಡೆ ಅಲ್ಲ, ಅದೇ ಎತ್ತರದಲ್ಲಿ ಎರಡು ಮೂರು ಕಡೆ. ಏನೋ ಗಟ್ಟಿ ವಸ್ತುವಿನಿಂದ ಗೀರಿದ ಹಾಗೆ. ಒಳಗೆ ಇಟ್ಟಿಗೆಗೆ ಬೆಳ್ಳಿಯಂಥ ಹೊಳಪು ಅಂಟಿದೆ. ಯಾರೋ ಬೀರು ಗೀರು ಸಾಗಿಸಿರಬೇಕು. ಹೇಳದೆ ಕೇಳದೆ ಗೋಡೆ ಹಾಳು ಮಾಡಿ ಹೋಗುತ್ತಾರೆ.

ಸಿಮೆಂಟು ತಂದು ತುಂಬಿದೆ. ಬೆರಳಿನಲ್ಲೇ ನಯ ಮಾಡಿದೆ.

ಟೀಚರಕ್ಕ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹೇಗಿದೆ ಅಕ್ಕ?" ಎಂದೆ. "ಚೆನ್ನಾಗಿದೆ ಅಣ್ಣ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಮೂಗು ಸೀಟಿದ ಸದ್ದು ಬಂತು. ನೆಗಡಿ ಇರಬೇಕು.

ಮಾರ್ಚ್ 31, ಸೋಮವಾರ

ಓವರ್‌ಸಿಯರ್ ಕೊನೆಯ ಸಲ ಬಂದರು. ಇವತ್ತು ಕಡೆಯ ದಿನವಂತೆ. ಸುಣ್ಣ ಬಳಿದ ಗೋಡೆಯನ್ನು ನೋಡಿದರು. "ಯೋಚನೆ ಮಾಡಿದ್ರಾ ಅಣ್ಣ?"

"ಮಾಡಿದೆ. ಇಲ್ಲ."

"ನಿಮ್ಮ ಓಣಿದು ಈ ವರ್ಷ ಕೈಬಿಡ್ತೀವಿ ಹಾಗಾದ್ರೆ. ದುಡ್ಡು ಪಕ್ಕದ ಓಣಿಗೆ ಹೋಗತ್ತೆ."

"ಹೋಗಲಿ."

ಹೊರಡುವಾಗ ಮೂಲೆಯಲ್ಲಿ ಹೆಗಲು ತಿರುಗಿಸಿ ದಾಟಿದರು. ಅವಳಿದ್ದಿದ್ದರೆ ನಗುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ. ಅವಳ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಕೂತರೆ ಓಣಿಯ ಎರಡೂ ಕಡೆ ಕಾಣುತ್ತದೆ. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಕೂತಿದ್ದು ಇದೇ ಮೊದಲು.

ಏಪ್ರಿಲ್ 4, ಶುಕ್ರವಾರ

ಪಕ್ಕದ ಓಣಿಯಲ್ಲಿ ಕೆಲಸ ಶುರುವಾಗಿದೆ. ಕಲ್ಲು ಕೊಯ್ಯುವ ಸದ್ದು. ಧೂಳು ನಮ್ಮ ಕಡೆ ಬರುತ್ತದೆ, ಒಗೆದ ಬಟ್ಟೆಯ ಮೇಲೆ ಕೂರುತ್ತದೆ.

ನಮ್ಮ ಓಣಿಯವರು ಇಸ್ತ್ರಿಗೆ ಬಟ್ಟೆ ತರುವುದು ಕಡಿಮೆಯಾಗಿದೆ. ಯಾರೂ ಜಗಳ ಆಡಿಲ್ಲ. ಎದುರಾದರೆ "ಏನಣ್ಣ" ಅನ್ನುತ್ತಾರೆ. ಅಷ್ಟೇ. ಅವರ ಅಂಗಿಗಳು ಸುಕ್ಕಾಗೇ ನನ್ನ ಮುಂದೆ ಹಾದು ಹೋಗುತ್ತವೆ.

ಅಡುಗೆ ಮಾಮ ಒಬ್ಬರೇ ಒಂದು ಪ್ಯಾಂಟು ತಂದುಕೊಟ್ಟರು. "ಇಸ್ತ್ರಿ ಮಾಡ್ಬೇಡ, ಸ್ವಲ್ಪ ಅಗಲ ಮಾಡು" ಎಂದರು. ಅದೇ ಹಳೇ ಜೋಕು. ಮುಖ ಊದಿಕೊಂಡಿತ್ತು. ಉಸಿರಾಡಲು ಕಷ್ಟಪಡುತ್ತಿದ್ದರು. ಹೋಗುವಾಗ ನನ್ನ ಕೈ ಹಿಡಿದುಕೊಂಡು, ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿ, "ನೀನು ಒಳ್ಳೇವ್ನು ಕಣಯ್ಯಾ. ನಾವೇ ಸರಿ ಇಲ್ಲ" ಎಂದರು. ಪಾಪ, ವಯಸ್ಸಾಯಿತು.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಅಡುಗೆ ಮಾಮ ಬಿದ್ದುಬಿಟ್ಟರು. ಅವರ ಮಗಳು ಕಿರುಚುತ್ತ ಓಡಿಬಂದಳು. ನನ್ನ ಮಗಳು ಮನೆಯಲ್ಲೇ ಇದ್ದಳು, ಅವಳೇ ಫೋನು ಮಾಡಿದಳು. ನಾನು, "ಬರಲ್ಲ ಬಿಡು, ಅವ್ರು ಬರೋ ಹೊತ್ತಿಗೆ ಎಲ್ಲ ಮುಗಿದಿರತ್ತೆ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ, ಇನ್ನೂ ಇಸ್ತ್ರಿಪೆಟ್ಟಿಗೆಯ ಬಿಸಿ ಇಳಿದಿರಲಿಲ್ಲ, ದೊಡ್ಡ ರಸ್ತೆಯಲ್ಲಿ ಸೈರನ್ ಕೇಳಿಸಿತು.

ಇಬ್ಬರು ಸ್ಟ್ರೆಚರ್ ಹಿಡಿದು ಓಡಿಬಂದರು. ಖಾಲಿ ಸ್ಟ್ರೆಚರನ್ನು ಮೂಲೆಯಲ್ಲಿ ಓರೆಯಾಗಿಸಿ ಒಳಗೆ ತಂದರು. ಮಾಮನನ್ನು ಮಲಗಿಸಿ ವಾಪಸು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಸ್ಟ್ರೆಚರ್ ಮೂಲೆಗೆ ಬಂತು. ನಿಂತಿತು. ಮುಂದಿನವನು ತಿರುಗಿದ, ಹಿಂದಿನವನಿಗೆ ತಿರುಗಲು ಆಗಲಿಲ್ಲ. ಹಿಂದಕ್ಕೆ ಎಳೆದರು, ಮತ್ತೆ ತಳ್ಳಿದರು. ಸ್ಟ್ರೆಚರಿನ ಬೆಳ್ಳಿ ಬಣ್ಣದ ಹಿಡಿ ನನ್ನ ಹೊಸ ಸಿಮೆಂಟಿಗೆ ಬಡಿಯಿತು. ಸೊಂಟದ ಎತ್ತರ. ಅದೇ ಜಾಗ.

ಮುಂದಿನವನು ಕೂಗಿದ: "ಹೋದ ಸಲ ಮಾಡಿದ ಹಾಗೆ ತಲೆ ಮೇಲೆ ಎತ್ತೋಣ ಕಣೋ!"

ಹಿಂದಿನವನು: "ಹೋದ ಸಲ ಎತ್ತಿ ಏನಾಯ್ತು? ಆ ಇಸ್ತ್ರಿಯಮ್ಮ ಇಲ್ಲೇ ತಾನೇ ಹೋಗಿದ್ದು, ಈ ಕಿಟಕಿ ಕೆಳಗೆ!"

ಟೀಚರಕ್ಕ "ಶ್! ಶ್!" ಎಂದರು. ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. "ಸುಮ್ನೆ ನಿಂತಿದ್ದೀರಲ್ಲ ಯಜಮಾನ್ರೇ, ಒಂದು ಕೈ ಹಾಕಿ!" ಎಂದ.

ಕೈ ಹಾಕಿದೆ. ಎಲ್ಲರೂ ಸೇರಿ ಮಾಮನನ್ನು ಕಂಬಳಿಯಲ್ಲಿ ಸುತ್ತಿ, ಮಡಿಸಿದ ಹಾಗೆ ಮಾಡಿ, ಮೂಲೆ ದಾಟಿಸಿದೆವು. ತುಂಬಾ ಹೊತ್ತು ಹಿಡಿಯಿತು. ಮಾಮನ ಬಾಯಿ ಒಂದು ಕಡೆಗೆ ಎಳೆದುಹೋಗಿತ್ತು. ಏನೋ ಹೇಳಲು ನೋಡುತ್ತಿದ್ದರು.

ಏಪ್ರಿಲ್ 13, ಭಾನುವಾರ

ಇದ್ದಿಲು ಹೊತ್ತಿಸಲಿಲ್ಲ.

ಏಪ್ರಿಲ್ 15, ಮಂಗಳವಾರ

ಮಗಳು ತಾನೇ ಬಂದು ಎದುರಿಗೆ ಕೂತಳು. ನಾನು ಕೇಳಲಿಲ್ಲ. ಅವಳೇ ಹೇಳಿದಳು.

ಗಾಡಿ ಹೊತ್ತಿಗೆ ಸರಿಯಾಗಿ ಬಂದಿತ್ತು. ಮಾಮನಿಗೆ ಬಂದಷ್ಟೇ ಬೇಗ ಬಂದಿತ್ತು. ಅಮ್ಮನನ್ನು ಸ್ಟ್ರೆಚರಿಗೆ ಹಾಕಿದಾಗ ಅವಳಿಗೆ ಜ್ಞಾನ ಇತ್ತು. ಒಳಕೋಣೆಯಿಂದ ಹಿಂಬಾಗಿಲ ಮೂಲಕ ಕಾಲುವೆ ಕಡೆ ಹೋಗೋಣ ಅಂದರೆ ಅಲ್ಲಿ ಮೆಟ್ಟಿಲು ಮುರಿದಿತ್ತು. ಮುಂದಿನಿಂದ ತಂದರು. ಅಂಗಡಿ ಬಾಗಿಲು ದಾಟಿದ ಕೂಡಲೆ ಆ ತಿರುವು. ಸಿಕ್ಕಿಕೊಂಡಿತು. ಹಿಂದೆ ಮುಂದೆ ಎಳೆದಾಡಿದರು. ಟೀಚರಕ್ಕ, ಮಾಮ ಎಲ್ಲರೂ ಹಿಡಿದಿದ್ದರು.

"ಅಮ್ಮ ನಕ್ಕಳಪ್ಪ" ಎಂದಳು. "ನೋವಲ್ಲೂ ನಕ್ಕಳು. 'ನಮ್ಮನೆಗೆ ನಾನೂ ಹೆಗಲು ತಿರುಗಿಸ್ಬೇಕೇನೇ' ಅಂದ್ಲು. ಆಮೇಲೆ ಮಾತಾಡ್ಲಿಲ್ಲ."

ನಾನು ಬಟ್ಟೆ ತಲುಪಿಸಿ ಬರುವಷ್ಟರಲ್ಲಿ ಅವಳನ್ನು ಮತ್ತೆ ಒಳಗೆ ತಂದು ಮಂಚದ ಮೇಲೆ ಮಲಗಿಸಿ, ಕೂದಲು ಸರಿಮಾಡಿ, ಎಲ್ಲರೂ ಒಂದೇ ಮಾತು ಹೇಳಬೇಕೆಂದು ಅಲ್ಲೇ ನಿಶ್ಚಯ ಮಾಡಿದರಂತೆ. ಗಾಡಿ ತಡವಾಯಿತು ಎಂದು ಹೇಳೋಣ. ಈ ಮೂಲೆಯಿಂದ ಹೋದಳು ಅಂತ ಗೊತ್ತಾದರೆ ಅವನು ಈ ಮನೆಯಲ್ಲಿ ಹೇಗೆ ಬದುಕುತ್ತಾನೆ? ಟೀಚರಕ್ಕನೇ ಹೇಳಿದ್ದಂತೆ. ಮಾಮ ಅಳುತ್ತ ಹೂಂ ಅಂದರಂತೆ. ಓಣಿ ಅಗಲ ಮಾಡುವ ಮಾತು ಬಂದಾಗ ಒಬ್ಬರಿಗೂ ಆ ಸುಳ್ಳಿನಿಂದ ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ.

"ನೀನು ಪ್ರತಿ ಸಲ ಗಾಡಿ ತಡವಾಯ್ತು ಅಂದಾಗ..." ಎಂದು ಮಗಳು ನಿಲ್ಲಿಸಿದಳು.

ನಾನು ಆ ಗೀರುಗಳನ್ನು ನನ್ನ ಕೈಯಾರೆ ಸಿಮೆಂಟು ಹಾಕಿ ನಯ ಮಾಡಿದ್ದೆ. ಅವಳ ತಲೆದೆಸೆಯ ಗೀರು ಯಾವುದು, ಕಾಲಿನ ಕಡೆಯದು ಯಾವುದು ಅಂತ ಇನ್ನು ಗೊತ್ತಾಗುವುದಿಲ್ಲ.

ಏಪ್ರಿಲ್ 17, ಗುರುವಾರ

ವಾರ್ಡ್ ಆಫೀಸಿಗೆ ಹೋದೆ. ಸಹಿ ಹಾಕುತ್ತೇನೆ ಎಂದೆ. ಓವರ್‌ಸಿಯರ್ ಎದ್ದು ನಿಂತು ಕುರ್ಚಿ ಕೊಟ್ಟರು. ಈ ವರ್ಷದ್ದು ಮುಗಿಯಿತಂತೆ. ಮುಂದಿನ ವರ್ಷ ಪಟ್ಟಿಯಲ್ಲಿ ಬಂದರೂ ಬರಬಹುದು, ಬರದೆಯೂ ಇರಬಹುದು.

"ಅವತ್ತು ನೀವು ಗಾಡಿ ಹೊತ್ತಿಗೆ ಬಂತು ಅನ್ನೋಕೆ ಹೋದ್ರಿ. ಯಾಕೆ ನಿಲ್ಲಿಸಿದ್ರಿ?"

ಅವರು ಮೇಜಿನ ಮೇಲಿದ್ದ ಪೆನ್ನು ತೆಗೆದರು, ಇಟ್ಟರು. "ಆ ಟೀಚರಮ್ಮ ಕೈ ಮುಗಿದು ಬೇಡ ಅಂದ್ರು ಅಣ್ಣ. ನಮ್ಮ ಇಲಾಖೆಗೆ ಕೆಟ್ಟ ಹೆಸರು ಬಂದ್ರೆ ಬರಲಿ ಅಂತ ಸುಮ್ನಾದೆ."

"ನಾನೇ ಒಡೆದ್ರೆ ಯಾರಾದ್ರೂ ಬೇಡ ಅಂತಾರಾ?"

"ನಿಮ್ಮ ಗೋಡೆ, ನೀವು ಒಡೆದ್ರೆ ಯಾರು ಕೇಳ್ತಾರೆ? ಆದ್ರೆ ಪರಿಹಾರ ಬರಲ್ಲ."

ಅವರ ಕಾಲರು ಇನ್ನೂ ಸುಕ್ಕಾಗಿಯೇ ಇತ್ತು. ಶರ್ಟು ತಂದುಕೊಡಿ ಎಂದೆ.

ಏಪ್ರಿಲ್ 20, ಭಾನುವಾರ

ಪಕ್ಕದ ಓಣಿಯ ಕೆಲಸಗಾರರಿಂದ ಹಾರೆ, ಸುತ್ತಿಗೆ ತಂದೆ. ಮೊದಲು ಕುರ್ಚಿ ಒಳಗಿಟ್ಟೆ. ಗುಂಡಿಯ ಡಬ್ಬಿ ಮಗಳ ಕೈಗೆ ಕೊಟ್ಟೆ. ಕಿಟಕಿಯನ್ನು ಚೌಕಟ್ಟು ಸಮೇತ ಬಿಡಿಸಿದೆ. ಆಮೇಲೆ ಮೂಲೆಯಿಂದ ಶುರು ಮಾಡಿದೆ. ನಾನು ತುಂಬಿದ ಸಿಮೆಂಟೇ ಎಲ್ಲಕ್ಕಿಂತ ಗಟ್ಟಿ ಇತ್ತು.

ಓಣಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟೀಚರಕ್ಕ ಒಂದು ಬಕೆಟ್ ನೀರು ತಂದರು.

"ಧೂಳು ಏಳ್ತಿದೆ" ಎಂದರು. ಅಷ್ಟೇ ಹೇಳಿದ್ದು. ಚೊಂಬಿನಿಂದ ಇಟ್ಟಿಗೆಯ ಮೇಲೆ ನೀರು ಚಿಮುಕಿಸಿದರು, ನಾನು ಬಟ್ಟೆಗೆ ಚಿಮುಕಿಸುವ ಹಾಗೇ. ನಾನು ಒಡೆದೆ, ಅವರು ಚಿಮುಕಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮಾಮನ ಮಗಳು ಬುಟ್ಟಿ ತಂದು ಇಟ್ಟಿಗೆ ಹೊತ್ತಳು. ಆಮೇಲೆ ಮಿಕ್ಕವರು ಬಂದರು.

ಸಂಜೆ ಕೈಯೆಲ್ಲ ಬೊಬ್ಬೆ. ಅಂಗಡಿ ಅರ್ಧ ಆಗಿದೆ. ಮೇಜು ಒಂದು ಹಿಡಿಸುತ್ತದೆ, ಕುರ್ಚಿ ಹಿಡಿಸುವುದಿಲ್ಲ.

ಮೇ 4, ಭಾನುವಾರ

ಅಡುಗೆ ಮಾಮನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದರು. ಎಡಗೈಗೆ ಸ್ವಾಧೀನ ಇಲ್ಲ, ಮಾತೂ ಇಲ್ಲ. ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮೂಲೆಯಲ್ಲಿ ನಿಲ್ಲದೆ ಹೋಗಿದ್ದರೆ ಮಾತು ಉಳಿಯುತ್ತಿತ್ತೇ ಎಂದು ನಾನು ಯಾರನ್ನೂ ಕೇಳಿಲ್ಲ. ಅವರ ಮಗಳೂ ಹೇಳಿಲ್ಲ. ಈ ಓಣಿಯವರು ಏನನ್ನು ಹೇಳುವುದಿಲ್ಲ ಎಂದು ಈಗ ನನಗೆ ಗೊತ್ತು.

ಗಾಡಿ ಅವರ ಮನೆ ಬಾಗಿಲವರೆಗೂ ಹೋಯಿತು. ನಮ್ಮ ಓಣಿಯೊಳಗೆ ಬಂದ ಮೊದಲ ಗಾಡಿ. ತಿರುವಿನಲ್ಲಿ ಡ್ರೈವರು ಹೆದರಿ ನಿಲ್ಲಿಸಿದ. ನಾನು ಗೋಡೆ ಇದ್ದ ಜಾಗದಲ್ಲಿ ನಿಂತು, "ಬನ್ನಿ, ಬನ್ನಿ, ಜಾಗ ಇದೆ, ಇನ್ನೂ ಬನ್ನಿ" ಎಂದು ಕೈ ತೋರಿಸಿದೆ. ಗಾಡಿಯ ಕಿಟಕಿಯಿಂದ ಮಾಮ ನನ್ನನ್ನು ನೋಡಿದರು. ಬಲಗೈಯನ್ನು ಹೊಟ್ಟೆಯ ಮೇಲಿಟ್ಟು ಉಸಿರು ಒಳಗೆ ಎಳೆದುಕೊಂಡರು. ಮುಖ ವಾರೆಯಾಗಿದ್ದರಿಂದ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ.

ದೊಡ್ಡ ರಸ್ತೆಯ ಬೋರ್ಡಿನಲ್ಲಿ ಅಗಲವಾದ ಓಣಿಗಳ ಸಾಲಿಗೆ ನಮ್ಮದನ್ನೂ ಸೇರಿಸಿದ್ದಾರೆ ಎಂದು ಮಗಳು ಬಂದು ಹೇಳಿದಳು. ಅವರು ಒಂದು ಕಲ್ಲು ಹಾಕಿಲ್ಲ, ಒಂದು ದೀಪ ಹಾಕಿಲ್ಲ. ಇರಲಿ. ಅವಳು ಓಣಿ ಅಗಲ ಆಗಲಿ ಎಂದು ಕೇಳಿದ್ದಳು, ಯಾರ ಹೆಸರಲ್ಲಿ ಎಂದು ಕೇಳಿರಲಿಲ್ಲ.

ಮಗಳ ಬೂಟಿನಲ್ಲಿ ಕೆಸರಿರಲಿಲ್ಲ.

ಮೇ 9, ಶುಕ್ರವಾರ

ಗೋಡೆ ಹೋಗಿ ಇಷ್ಟು ದಿನವಾದರೂ ಜನ ಆ ಜಾಗಕ್ಕೆ ಬಂದಾಗ ಹೆಗಲು ತಿರುಗಿಸಿಯೇ ದಾಟುತ್ತಾರೆ. ಟೀಚರಕ್ಕ ತಿರುಗಿಸುತ್ತಾರೆ. ಓವರ್‌ಸಿಯರ್ ಶರ್ಟುಗಳ ಗಂಟು ಹಿಡಿದು ಬಂದರು, ಅವರೂ ತಿರುಗಿಸಿದರು. ಖಾಲಿ ಜಾಗಕ್ಕೆ. ಮೇಜಿನ ಹಿಂದೆ ನಿಂತು ದಿನವೆಲ್ಲ ನೋಡುತ್ತೇನೆ. ಯಾರಿಗೂ ಹೇಳಿಲ್ಲ.

ಸಂಜೆ ಲಾಡ್ಜಿಗೆ ಬಟ್ಟೆ ಹೊತ್ತು ಹೊರಟೆ. ಅಲ್ಲಿ ಬಂದಾಗ ನನ್ನ ಹೆಗಲೂ ತಾನಾಗಿ ತಿರುಗಿತು. ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಯಿತು. ವಾಪಸು ಬಂದು ಇನ್ನೊಮ್ಮೆ ನೆಟ್ಟಗೆ ನಡೆದು ದಾಟೋಣ ಅಂದುಕೊಂಡೆ. ಗಂಟು ಭಾರವಾಗಿತ್ತು.

ಆದರೂ ವಾಪಸು ಬಂದೆ. ಅಲ್ಲಿ ನಿಂತೆ. ಆಮೇಲೆ ಹೆಗಲು ತಿರುಗಿಸಿಯೇ ದಾಟಿದೆ.